ಅತ್ತೆ-ಮಾವನ ಜೊತೆ ಲೇಕ್ ಟಾಹೋ ಕ್ಯಾಂಪಿಂಗ್: ಹೋಗಿ ಬಂದವರು ಸ್ವಲ್ಪ ಹೇಳಿ

ಫ್ರೀಮಾಂಟ್‌ನಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಜುಲೈನಲ್ಲಿ ಕ್ಯಾಲಿಫೋರ್ನಿಯಾ-ನೆವಾಡಾ ಗಡಿಯ ದೊಡ್ಡ ಕೆರೆ ಲೇಕ್ ಟಾಹೋದ ಪಶ್ಚಿಮ ದಡದಲ್ಲಿರುವ ಶುಗರ್ ಪೈನ್ ಪಾಯಿಂಟ್ ಸ್ಟೇಟ್ ಪಾರ್ಕ್‌ನಲ್ಲಿ ನಮಗೆ ಟೆಂಟ್ ಹಾಕುವ ಸೈಟ್ ಸಿಕ್ಕಿದೆ. ನಾವಿಬ್ಬರು, ಇಬ್ಬರು ಮಕ್ಕಳು, ಜೊತೆಗೆ ಮೈಸೂರಿನಿಂದ ಬಂದಿರುವ ಅತ್ತೆ-ಮಾವ. ಟೆಂಟಿನಲ್ಲಿ ಮಲಗಿ ಯಾರಿಗೂ ಅಭ್ಯಾಸವಿಲ್ಲ. ಅತ್ತೆಗೆ ಮಂಡಿ ನೋವು, ಮಾವನಿಗೆ ಬಿಪಿ. ರಾತ್ರಿ ಚಳಿ ಎಷ್ಟಿರುತ್ತದೆ? ಕರಡಿ ನಿಜವಾಗಿಯೂ ಬರುತ್ತದಾ? ಅಡುಗೆ ಅಲ್ಲೇ ಮಾಡುವುದಾ, ಮನೆಯಿಂದ ಕಟ್ಟಿಕೊಂಡು ಹೋಗುವುದಾ? ಇಂಟರ್ನೆಟ್‌ನಲ್ಲಿ ಪಟ್ಟಿಗಳು ಬೇಕಾದಷ್ಟಿವೆ. ನಮ್ಮಂಥ ಮನೆಯವರು ಹೋಗಿ ಬಂದಿದ್ದರೆ ಅವರ ಮಾತು ಬೇಕು.

ಸ್ಯಾನ್ ಹೋಸೆಯಿಂದ

ಚಳಿ ವಿಷಯ ಮೊದಲು ಹೇಳಿಬಿಡುತ್ತೇನೆ, ಎಲ್ಲರೂ ಏಮಾರುವುದು ಅಲ್ಲೇ. ಟಾಹೋ ಕೆರೆಯ ನೀರಿನ ಮಟ್ಟವೇ ಸಮುದ್ರದಿಂದ ಸುಮಾರು 6,225 ಅಡಿ ಮೇಲಿದೆ. ನಮ್ಮ ಮುಳ್ಳಯ್ಯನಗಿರಿಯ ತುದಿ 6,330 ಅಡಿ. ಮಾವನಿಗೆ ಇದೊಂದು ಲೆಕ್ಕ ಹೇಳಿ ಸಾಕು, ಸ್ವೆಟರ್ ತಾವೇ ಎತ್ತಿಟ್ಟುಕೊಳ್ಳುತ್ತಾರೆ. ಹಗಲು 25 ಡಿಗ್ರಿ ಆಸುಪಾಸು, ಬಿಸಿಲು ಚುರುಗುಟ್ಟುತ್ತದೆ. ರಾತ್ರಿ 5ರಿಂದ 8 ಡಿಗ್ರಿಗೆ ಇಳಿಯುವುದು ಜುಲೈನಲ್ಲೂ ಮಾಮೂಲು. ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಿಂದ ಚಡ್ಡಿ-ಟೀಶರ್ಟ್‌ನಲ್ಲಿ ಬಂದು, ಕತ್ತಲಾಗುತ್ತಿದ್ದಂತೆ ಕಾರಿನೊಳಗೆ ಹೀಟರ್ ಹಾಕಿಕೊಂಡು ಕೂತವರನ್ನು ಪಕ್ಕದ ಸೈಟಿನಲ್ಲಿ ನೋಡಿದ್ದೇನೆ.

ಹೊದಿಕೆ ಬಗ್ಗೆ ಎಲ್ಲರೂ ಯೋಚಿಸುತ್ತಾರೆ, ಹಾಸಿಗೆ ಬಗ್ಗೆ ಯಾರೂ ಯೋಚಿಸುವುದಿಲ್ಲ. ಟೆಂಟಿನಲ್ಲಿ ಮೈಯ ಶಾಖ ಹೋಗುವುದು ನೆಲಕ್ಕೆ. ಸ್ಲೀಪಿಂಗ್ ಬ್ಯಾಗ್ ಎಷ್ಟೇ ದುಬಾರಿಯದಾದರೂ ಬೆನ್ನಿನ ಕೆಳಗೆ ಮೈಭಾರಕ್ಕೆ ಚಪ್ಪಟೆಯಾಗಿಬಿಡುತ್ತದೆ. ಮನೆಗೆ ನೆಂಟರು ಬಂದಾಗ ಊದುವ ದಪ್ಪ ಗಾಳಿ ಹಾಸಿಗೆಯನ್ನು ಹಾಗೇ ಹಾಸಬೇಡಿ. ಒಳಗಿನ ಗಾಳಿ ನೆಲದ ತಂಪಿಗೆ ತಾನೂ ತಣ್ಣಗಾಗಿ ರಾತ್ರಿಯಿಡೀ ಬೆನ್ನು ಕೊರೆಯುತ್ತದೆ. ಅದರ ಮೇಲೆ ಒಂದು ಫೋಮ್ ಶೀಟ್, ಅದರ ಮೇಲೆ ಉಣ್ಣೆಯ ಕಂಬಳಿ ಹಾಸಿ. ಹೊಸದಾಗಿ ಪ್ಯಾಡ್ ಕೊಳ್ಳುವುದಾದರೆ ಆರ್-ವ್ಯಾಲ್ಯೂ ಎಂದು ಬರೆದಿರುತ್ತದೆ, ಅದು ಜಾಸ್ತಿ ಇದ್ದಷ್ಟೂ ಬೆಚ್ಚಗೆ. ಸ್ಲೀಪಿಂಗ್ ಬ್ಯಾಗ್ ಮೇಲೆ ದೊಡ್ಡದಾಗಿ ಬರೆದ ಡಿಗ್ರಿಯನ್ನು ಸುಮ್ನೆ ನಂಬಬೇಡಿ. ಎಷ್ಟೋ ಸಲ ಅದು ಹೇಗೋ ತಡೆದುಕೊಳ್ಳಬಹುದಾದ ಕೊನೆಯ ಮಿತಿ, ಆರಾಮಾಗಿ ನಿದ್ದೆ ಬರುವ ಡಿಗ್ರಿ ಅಲ್ಲ.

ಅತ್ತೆಯ ಮಂಡಿಗೆ ಮಡಚುವ ಮಂಚ ತೆಗೆದುಕೊಳ್ಳಿ. ನೆಲದಿಂದ ಏಳುವ ಕಷ್ಟವೇ ಇರುವುದಿಲ್ಲ. ಆದರೆ ಮಂಚದ ಕೆಳಗೂ ಚಳಿಗಾಳಿ ಆಡುತ್ತದೆ, ಮಂಚದ ಮೇಲೂ ಕಂಬಳಿ ಹಾಸಲೇಬೇಕು. ಸೀರೆ ಉಡುವವರಾದರೆ ಒಳಗೆ ನೆಟ್ಟಗೆ ನಿಲ್ಲುವಷ್ಟು ಎತ್ತರದ ಟೆಂಟ್ ನೋಡಿ. ರಾತ್ರಿ ಟಾಯ್ಲೆಟ್‌ಗೆ ಕತ್ತಲಲ್ಲಿ ನಡೆಯಬೇಕು, ದಾರಿಯಲ್ಲಿ ಪೈನ್ ಬೇರುಗಳು ಎದ್ದಿರುತ್ತವೆ. ಇಬ್ಬರಿಗೂ ಹಣೆಗೆ ಕಟ್ಟುವ ಟಾರ್ಚ್ ಬೇಕು. ಮಂಕಿ ಕ್ಯಾಪ್ ಬಗ್ಗೆ ನಾನು ಹೇಳಬೇಕಾಗಿಲ್ಲ, ಅವರ ಸೂಟ್‌ಕೇಸಿನಲ್ಲಿ ಇದ್ದೇ ಇರುತ್ತದೆ.

ಸ್ಯಾಕ್ರಮೆಂಟೊದಿಂದ

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ನಾನಾಗಿದ್ದರೆ ಹಿರಿಯರನ್ನು ಟೆಂಟಿನಲ್ಲಿ ಮಲಗಿಸುವುದಿಲ್ಲ. ಪಾರ್ಕ್ ಪಕ್ಕದಲ್ಲೇ ಟಹೋಮಾ ಎನ್ನುವ ಚಿಕ್ಕ ಊರಿದೆ, ಉತ್ತರಕ್ಕೆ ಟಾಹೋ ಸಿಟಿ ಇದೆ. ರಾತ್ರಿಗೆ ಅವರಿಗೊಂದು ರೂಮು ಮಾಡಿ, ಬೆಳಿಗ್ಗೆ ಕರೆದುಕೊಂಡು ಬನ್ನಿ. ಸಮುದ್ರ ಮಟ್ಟದಿಂದ ಒಂದೇ ದಿನಕ್ಕೆ ಆರು ಸಾವಿರ ಅಡಿ ಹತ್ತುತ್ತೀರಿ. ತಲೆನೋವು, ನಿದ್ದೆ ಸರಿ ಬಾರದಿರುವುದು, ಮೆಟ್ಟಿಲು ಹತ್ತಿದರೆ ಏದುಸಿರು, ಇವು ಗಟ್ಟಿಮುಟ್ಟಾದವರಿಗೂ ಆಗಬಹುದು. ಬಿಪಿ ಮಾತ್ರೆ ತೆಗೆದುಕೊಳ್ಳುವವರು ಹೊರಡುವ ಮೊದಲು ಡಾಕ್ಟರನ್ನು ಒಂದು ಮಾತು ಕೇಳಲಿ. ಮೊದಲ ದಿನ ಓಡಾಟ ಬೇಡ, ನೀರು ಚೆನ್ನಾಗಿ ಕುಡಿಯಲಿ.

ಇನ್ನೊಂದು: ಶುಕ್ರವಾರ ಮಧ್ಯಾಹ್ನದ ಮೇಲೆ ಐ-80 ಹೈವೇ ಹಿಡಿಯಬೇಡಿ. ನಾಲ್ಕು ಗಂಟೆಯ ದಾರಿ ಆರು ಗಂಟೆಯಾಗುತ್ತದೆ. ಕತ್ತಲಲ್ಲಿ ತಲುಪಿ, ಅಳುವ ಮಕ್ಕಳ ನಡುವೆ ಟೆಂಟಿನ ಕಡ್ಡಿ ಹುಡುಕುವುದು ಯಾರಿಗೂ ಬೇಡ.

ಫ್ರೀಮಾಂಟ್‌ನಿಂದ

ರೂಮಿನ ಮಾತು ಎತ್ತಿದ್ದಕ್ಕೇ ಮಾವ ಮುನಿಸಿಕೊಂಡಿದ್ದಾರೆ ಸರ್. "ನಾನು ಎನ್‌ಸಿಸಿ ಕ್ಯಾಂಪ್ ಮಾಡಿದವನು" ಅನ್ನುತ್ತಿದ್ದಾರೆ. ಅತ್ತೆ ಏನೂ ಹೇಳುತ್ತಿಲ್ಲ. ಡಾಕ್ಟರ್ ಹತ್ತಿರ ಈ ವಾರವೇ ಕೇಳುತ್ತೇವೆ.

ಸ್ಯಾಕ್ರಮೆಂಟೊದಿಂದ

ಅತ್ತೆ ಏನೂ ಹೇಳುತ್ತಿಲ್ಲ ಅಂದರೆ ರೂಮು ಬುಕ್ ಮಾಡಿ ಅಂತಲೇ ಲೆಕ್ಕ.

ರೀನೋದಿಂದ

ಕರಡಿ ಬರುತ್ತದೆ. ಹೆದರಬೇಡಿ, ಆದರೆ ಅಸಡ್ಡೆಯೂ ಬೇಡ. ಇಲ್ಲಿರುವುದು ಕಪ್ಪು ಕರಡಿ ಮಾತ್ರ. ಹೆಸರಿಗೆ ಕಪ್ಪು, ಕಂದು ಮತ್ತು ಹೊಂಬಣ್ಣದವೂ ಇವೆ. ಗ್ರಿಜ್ಲಿ ಎನ್ನುವ ದೊಡ್ಡ ಕರಡಿ ಈಗ ಕ್ಯಾಲಿಫೋರ್ನಿಯಾದ ಬಾವುಟದ ಮೇಲಷ್ಟೇ ಇದೆ, ಕೊನೆಯದು ಕಣ್ಣಿಗೆ ಬಿದ್ದದ್ದು 1924ರಲ್ಲಿ. ಕರಡಿಗೆ ಬೇಕಾಗಿರುವುದು ನಾವಲ್ಲ, ನಮ್ಮ ಊಟ.

ಪ್ರತಿ ಸೈಟಿನಲ್ಲೂ ಕಬ್ಬಿಣದ ಒಂದು ದೊಡ್ಡ ಪೆಟ್ಟಿಗೆ ಇರುತ್ತದೆ, ಬೇರ್ ಬಾಕ್ಸ್. ಅದರ ಚಿಲಕ ಹೊರಗೆ ಕಾಣುವುದಿಲ್ಲ. ಸಣ್ಣ ಸಂದಿಯೊಳಗೆ ಬೆರಳು ತೂರಿಸಿ ಕೊಂಡಿ ಒತ್ತಬೇಕು. ಕರಡಿಯ ಪಂಜ ಅಲ್ಲಿಗೆ ಹೋಗುವುದಿಲ್ಲ, ಅಷ್ಟೇ ಅದರ ಉಪಾಯ. ಮುಚ್ಚಿದ ಮೇಲೆ ಕಟಕ್ ಎಂದು ಸದ್ದಾಯಿತಾ ಕೇಳಿ, ಒಮ್ಮೆ ಎಳೆದು ನೋಡಿ. ಬಾಗಿಲು ಒರಗಿಸಿ "ಐದು ನಿಮಿಷ ತಾನೇ" ಎಂದು ವಾಕಿಂಗ್ ಹೋಗುವವರೇ ಜಾಸ್ತಿ.

ನಮ್ಮವರು ಮರೆಯುವುದು ಊಟವನ್ನಲ್ಲ, ಉಳಿದದ್ದನ್ನು. ಟೂತ್‌ಪೇಸ್ಟ್, ಕೊಬ್ಬರಿ ಎಣ್ಣೆ, ಅಮೃತಾಂಜನ, ಮಗುವಿನ ವೈಪ್ಸ್, ಊದುಬತ್ತಿ, ಅಡಿಕೆ ಡಬ್ಬಿ, ಕೆಮ್ಮಿನ ಔಷಧಿ, ಎಲ್ಲವೂ ಪೆಟ್ಟಿಗೆಗೇ. ಅತ್ತೆಯ ಹ್ಯಾಂಡ್‌ಬ್ಯಾಗಿನ ತಳದಲ್ಲಿರುವ ಪೆಪ್ಪರ್‌ಮಿಂಟ್ ಕೂಡ. ಸ್ಟೀಲ್ ಡಬ್ಬಿ ಗಟ್ಟಿಯಾಗಿ ಮುಚ್ಚಿದೆ ಎನ್ನುವುದು ನಮ್ಮ ಸಮಾಧಾನ, ಕರಡಿ ಮೂಗಿಗೆ ಅದು ಲೆಕ್ಕಕ್ಕಿಲ್ಲ. ಕಾರಿನಲ್ಲೂ ಇಡಬೇಡಿ. ಟಾಹೋ ಕರಡಿಗಳಿಗೆ ಕಾರಿನ ಬಾಗಿಲು ತೆಗೆಯಲು ಬರುತ್ತದೆ. ಮಕ್ಕಳ ಕಾರ್ ಸೀಟಿನ ಸಂದಿಯ ಬಿಸ್ಕತ್ತಿನ ಪುಡಿ ಮನೆಯಲ್ಲೇ ವ್ಯಾಕ್ಯೂಮ್ ಮಾಡಿಕೊಂಡು ಬನ್ನಿ, ಬಾಗಿಲು ಲಾಕ್ ಮಾಡಿ.

ಎದುರಾದರೆ ಓಡಬೇಡಿ. ಮಕ್ಕಳನ್ನು ಹತ್ತಿರ ಎಳೆದುಕೊಂಡು, ಕೈ ಎತ್ತಿ, ಜೋರಾಗಿ ಕೂಗಿ. ಅದು ತಪ್ಪಿಸಿಕೊಂಡು ಹೋಗುವ ದಾರಿಗೆ ಅಡ್ಡ ನಿಲ್ಲಬೇಡಿ. ಮರಿ ಕಂಡರೆ ಫೋಟೋ ಆಸೆ ಬಿಡಿ.

ಅಳಿಲು, ಚಿಪ್‌ಮಂಕ್ ಬಗ್ಗೆಯೂ ಮಕ್ಕಳಿಗೆ ಹೇಳಿ. ಕೈಯಿಂದ ಶೇಂಗಾ ತಿನ್ನಿಸುವುದು ಬೇಡ. ಅವುಗಳ ಚಿಗಟದಲ್ಲಿ ಪ್ಲೇಗ್ ಇರಬಹುದು. ತಮಾಷೆಯಲ್ಲ, 2021ರಲ್ಲಿ ಚಿಪ್‌ಮಂಕ್‌ಗಳಲ್ಲಿ ಪ್ಲೇಗ್ ಕಂಡು ಕೆರೆಯ ದಕ್ಷಿಣ ದಡದ ಟೇಲರ್ ಕ್ರೀಕ್ ಜಾಗವನ್ನು ಸ್ವಲ್ಪ ದಿನ ಮುಚ್ಚಿದ್ದರು.

ಸನಿವೇಲ್‌ನಿಂದ

ಅಡುಗೆಗೆ ಬರುತ್ತೇನೆ. ಆ ಎತ್ತರದಲ್ಲಿ ನೀರು ಸುಮಾರು 94 ಡಿಗ್ರಿಗೇ ಕುದಿಯುತ್ತದೆ. ಕುದಿಯುತ್ತಿರುವ ಹಾಗೆ ಕಾಣುತ್ತದೆ, ಬೇಳೆ ಮಾತ್ರ ಬೇಯುವುದಿಲ್ಲ. ತೊಗರಿ ಬೇಳೆಯನ್ನು ತೆರೆದ ಪಾತ್ರೆಯಲ್ಲಿ ಇಟ್ಟರೆ ಗ್ಯಾಸೆಲ್ಲ ಮುಗಿದೀತು. ಚಿಕ್ಕ ಕುಕ್ಕರ್ ಒಯ್ಯಿರಿ. ಬೆಳಿಗ್ಗೆ ಬೇಗ ವಿಸಲ್ ಹಾಕಿಸಬೇಡಿ, ಅಕ್ಕಪಕ್ಕದ ಟೆಂಟಿನವರು ಗಾಬರಿಯಾಗಿ ಏಳುತ್ತಾರೆ.

ನನ್ನ ಪ್ರಕಾರ ಮೊದಲ ರಾತ್ರಿ ಅಡುಗೆಯೇ ಬೇಡ. ಬಿಸಿಬೇಳೆಬಾತ್ ಮನೆಯಲ್ಲೇ ಮಾಡಿ ಐಸ್ ಡಬ್ಬಿಯಲ್ಲಿ ಇಟ್ಟುಕೊಂಡು ಹೋಗಿ. ಅಲ್ಲಿ ಬಿಸಿ ಮಾಡಿ, ತುಪ್ಪ ಹಾಕಿ, ಬೂಂದಿ ಉದುರಿಸಿದರೆ ಆಯಿತು. ಬೆಳಿಗ್ಗೆ ಗೊಜ್ಜವಲಕ್ಕಿ: ಅವಲಕ್ಕಿ ತರಿ, ಹುಣಸೆ, ಬೆಲ್ಲ, ಸಾರಿನ ಪುಡಿ ಎಲ್ಲ ಮನೆಯಲ್ಲೇ ಅಳೆದಿಟ್ಟುಕೊಂಡರೆ ಅಲ್ಲಿ ನೆನೆಸಿ ಒಗ್ಗರಣೆ ಕೊಡುವುದಷ್ಟೇ. ಮಧ್ಯಾಹ್ನಕ್ಕೆ ಚಪಾತಿ-ಚಟ್ನಿಪುಡಿ. ಮೊಸರನ್ನ ಅಂತೂ ಇದ್ದೇ ಇದೆ. ಒಗ್ಗರಣೆ, ಕರಿಯುವುದು ಏನಿದ್ದರೂ ಟೆಂಟಿನಿಂದ ದೂರ, ಬೆಳಕಿರುವಾಗಲೇ ಮುಗಿಸಿ. ಹಿಂಗಿನ ವಾಸನೆಯ ಸ್ವೆಟರ್‌ನಲ್ಲೇ ಮಲಗಬೇಡಿ. ಪಾತ್ರೆ ರಾತ್ರಿಯೇ ತೊಳೆದಿಡಿ. ನಲ್ಲಿಯ ಕೆಳಗಲ್ಲ, ಟಬ್ಬಿನಲ್ಲಿ. ಆ ನೀರು ನೆಲಕ್ಕೂ ಬೇಡ, ತೋರಿಸಿದ ಜಾಗಕ್ಕೇ ಚೆಲ್ಲಬೇಕು. ಸೋಸಿದ ಅನ್ನದ ಅಗುಳು ಕಸಕ್ಕೆ.

ಬಿಸಿಲೇರಿದ ಮೇಲೆ ಸಿಹಿಗೆ ಕಣಜಗಳು ಮುತ್ತುತ್ತವೆ. ಜ್ಯೂಸ್ ಲೋಟಕ್ಕೆ ಮುಚ್ಚಳ ಇರಲಿ.

ಮಕ್ಕಳು ಬೆಂಕಿಯ ಮುಂದೆ ಮಾರ್ಷ್‌ಮೆಲ್ಲೊ ಮಿಠಾಯಿ ಸುಡಲು ಕುಣಿಯುತ್ತಾರೆ. ಸಸ್ಯಾಹಾರಿಗಳಾದರೆ ಪ್ಯಾಕೆಟ್ ತಿರುಗಿಸಿ ಓದಿ. ಸಾಮಾನ್ಯವಾಗಿ ಸಿಗುವುದರಲ್ಲಿ ಪ್ರಾಣಿಗಳಿಂದ ತೆಗೆದ ಜೆಲಟಿನ್ ಇರುತ್ತದೆ. ವೀಗನ್ ಮಾರ್ಷ್‌ಮೆಲ್ಲೊ ಬೇರೆಯೇ ಸಿಗುತ್ತದೆ, ಅದನ್ನು ಇಲ್ಲಿಂದಲೇ ಕೊಂಡೊಯ್ಯಿರಿ.

ಸೌದೆ ಮಾತ್ರ ಇಲ್ಲಿಂದ ಬೇಡ. ಸೌದೆಯೊಳಗೆ ಮರ ಕೊರೆಯುವ ಹುಳು ಸೇರಿಕೊಂಡು ಹೊಸ ಕಾಡಿಗೆ ಹೋಗುತ್ತದೆ. ಅಲ್ಲೇ ಕೊಳ್ಳಿ. ಕೆಳಗೆ ಬಿದ್ದ ಕಡ್ಡಿ ಆರಿಸಿ ಉರಿಸುವುದಕ್ಕೂ ಬಿಡುವುದಿಲ್ಲ. ಬೇಸಿಗೆ ಒಣಗಿದಂತೆ ಬೆಂಕಿ ನಿಷೇಧ ಬರಬಹುದು, ಹೊರಡುವ ಹಿಂದಿನ ದಿನ ನೋಡಿ. 2021ರ ಕಾಲ್ಡರ್ ಕಾಡ್ಗಿಚ್ಚಿನಲ್ಲಿ ಸೌತ್ ಲೇಕ್ ಟಾಹೋ ಊರನ್ನೇ ಖಾಲಿ ಮಾಡಿಸಿದ್ದರು. ಹೊಗೆ ಇದ್ದರೆ ಹಿರಿಯರನ್ನು ಕರೆದುಕೊಂಡು ಹೋಗುವ ಹಟ ಬೇಡ.

ಸ್ಯಾನ್ ರಮೋನ್‌ನಿಂದ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಸೈಟ್ ಹೇಗೆ ಸಿಕ್ಕಿತು ಮೇಡಂ? ನಾವು ನೋಡಿದಾಗಲೆಲ್ಲ ಭರ್ತಿ!

ಫ್ರೀಮಾಂಟ್‌ನಿಂದ

ಆರು ತಿಂಗಳು ಮುಂಚೆ, ಬೆಳಿಗ್ಗೆ 8ಕ್ಕೆ ಸರಿಯಾಗಿ ರಿಸರ್ವ್ ಕ್ಯಾಲಿಫೋರ್ನಿಯಾ ಎನ್ನುವ ಬುಕಿಂಗ್ ವೆಬ್‌ಸೈಟಿನಲ್ಲಿ ಇಬ್ಬರೂ ಲ್ಯಾಪ್‌ಟಾಪ್ ಹಿಡಿದು ಕೂತಿದ್ದೆವು. ಆದರೂ ವಾರಾಂತ್ಯ ಸಿಗಲಿಲ್ಲ, ವಾರದ ಮಧ್ಯದ ದಿನಗಳು ಸಿಕ್ಕವು. ಕ್ಯಾನ್ಸಲ್ ಆದ ಸೈಟುಗಳು ಆಗಾಗ ಬರುತ್ತವೆ, ನೋಡುತ್ತಿರಿ.

ಡಬ್ಲಿನ್‌ನಿಂದ (ಕ್ಯಾಲಿಫೋರ್ನಿಯಾದ್ದು!)

ನೀರಿನ ಬಗ್ಗೆ ಯಾರೂ ಹೇಳಿಲ್ಲ. ನನಗೆ ಕರಡಿಗಿಂತ ಅದರದ್ದೇ ಭಯ. ಟಾಹೋ 1,645 ಅಡಿ ಆಳ. ಬೇಸಿಗೆಯಲ್ಲೂ ಮೇಲಿನ ಪದರ ಮಾತ್ರ ತಕ್ಕಮಟ್ಟಿಗೆ ಬೆಚ್ಚಗಾಗುತ್ತದೆ, ಕೆಳಗೆ ಕೊರೆಯುವ ತಣ್ಣೀರು. ದೋಣಿಯಿಂದ ಒಮ್ಮೆಲೇ ಬಿದ್ದರೆ ಉಸಿರು ಕಟ್ಟಿದಂತಾಗಿ, ತಾನಾಗಿ ಬಾಯಿ ತೆರೆದು ನೀರು ಒಳಗೆ ಹೋಗುತ್ತದೆ. ಈಜು ಬಲ್ಲವರೂ ಮುಳುಗುವುದು ಹೀಗೇ. ಕ್ಯಾಲಿಫೋರ್ನಿಯಾದಲ್ಲಿ 13 ವರ್ಷದೊಳಗಿನ ಮಕ್ಕಳಿಗೆ ಚಲಿಸುವ ದೋಣಿಯಲ್ಲಿ ಲೈಫ್ ಜಾಕೆಟ್ ಕಡ್ಡಾಯ. ಕಾನೂನು ಮಕ್ಕಳಿಗಿರಲಿ, ನೀವೂ ಹಾಕಿಕೊಳ್ಳಿ. ಬೆಳಿಗ್ಗೆ ಕೆರೆ ಕನ್ನಡಿಯಂತಿರುತ್ತದೆ, ಮಧ್ಯಾಹ್ನ ಗಾಳಿ ಎದ್ದರೆ ಪ್ಯಾಡಲ್ ಬೋರ್ಡ್ ನಿಮ್ಮ ಮಾತು ಕೇಳುವುದಿಲ್ಲ. ದೋಣಿ ಆಟವೆಲ್ಲ ಬೆಳಿಗ್ಗೆಯೇ ಮುಗಿಸಿ. ಸ್ವಂತ ಗಾಳಿದೋಣಿ ಒಯ್ಯುವುದಾದರೆ ಚೆನ್ನಾಗಿ ತೊಳೆದು, ಪೂರ್ತಿ ಒಣಗಿಸಿರಬೇಕು. ಬೇರೆ ಕೆರೆಯ ಚಿಪ್ಪುಹುಳು, ಕಳೆಗಿಡ ಅಂಟಿಕೊಂಡು ಬರಬಾರದು ಅಂತ ಅಲ್ಲಿ ತುಂಬಾ ಕಟ್ಟುನಿಟ್ಟು.

ಅತ್ತೆಯವರು ಕೆರೆ ಕಂಡ ಕೂಡಲೇ ಗಂಗಮ್ಮನಿಗೆ ಅರಿಶಿನ-ಕುಂಕುಮ, ಹೂವು ಬಿಡಬೇಕು ಅನ್ನಬಹುದು. ನಮ್ಮ ಅಮ್ಮ ಅಂದಿದ್ದರು. ಅಲ್ಲಿ ಏನನ್ನೂ ನೀರಿಗೆ ಹಾಕುವ ಹಾಗಿಲ್ಲ, ಸೋಪು ಹಚ್ಚಿ ಸ್ನಾನ ಮಾಡುವ ಹಾಗೂ ಇಲ್ಲ. 1968ರಿಂದ ಯುಸಿ ಡೇವಿಸ್ ವಿಶ್ವವಿದ್ಯಾಲಯದವರು ತಟ್ಟೆಯಷ್ಟಗಲದ ಬಿಳಿ ಬಿಲ್ಲೆಯೊಂದನ್ನು ಕೆರೆಗೆ ಇಳಿಬಿಟ್ಟು, ಅದು ಎಷ್ಟು ಆಳದವರೆಗೆ ಕಾಣುತ್ತದೆ ಅಂತ ಅಳೆಯುತ್ತಾ ಬಂದಿದ್ದಾರೆ. ಆಗ 100 ಅಡಿ ದಾಟಿ ಕಾಣುತ್ತಿತ್ತು, ಈಗ 60-70 ಅಡಿ. ಅಮ್ಮನಿಗೆ ಇದನ್ನು ಹೇಳಿದೆ. ಕುಂಕುಮದ ಡಬ್ಬಿ ಸೆರಗಿಗೆ ಹಾಕಿಕೊಂಡು, ಮೂರು ಬೊಗಸೆ ನೀರು ಎತ್ತಿ ಅದಕ್ಕೇ ವಾಪಸ್ ಬಿಟ್ಟು ಕೈ ಮುಗಿದರು.

ಹಿರಿಯರಿಗೆ ಅಲ್ಲಿ ಮಾಡುವುದಕ್ಕೇನಿದೆ ಅಂತೀರಾ? ಕ್ಯಾಂಪ್ ಜಾಗ ಹೈವೇ 89ರ ಒಂದು ಕಡೆ, ಕೆರೆ ಇನ್ನೊಂದು ಕಡೆ. ಅವರನ್ನು ನಡೆಸಬೇಡಿ, ಕಾರಿನಲ್ಲಿ ಬಿಡಿ. ದಡದಲ್ಲಿ 1903ರಲ್ಲಿ ಬ್ಯಾಂಕರ್ ಐಸಯಾಸ್ ಹೆಲ್‌ಮನ್ ಕಟ್ಟಿಸಿದ ಬೇಸಿಗೆ ಬಂಗಲೆ ಇದೆ. ಮುಂದೆ ಹುಲ್ಲುಹಾಸು, ನೆರಳು, ಎದುರಿಗೇ ನೀಲಿ ನೀರು. ಬೇಸಿಗೆಯಲ್ಲಿ ಒಳಗೆ ಕರೆದೊಯ್ದು ತೋರಿಸುತ್ತಾರೆ. ಎರಡು ಕುರ್ಚಿ, ಒಂದು ಫ್ಲಾಸ್ಕ್ ಕೊಟ್ಟರೆ ಇಬ್ಬರೂ ಮಧ್ಯಾಹ್ನ ಕಳೆಯುತ್ತಾರೆ. ಮಕ್ಕಳಿಗೆ ಶುಗರ್ ಪೈನ್ ಕಾಯಿ ತೋರಿಸಿ, ಪೈನ್ ಜಾತಿಯಲ್ಲೇ ಅತಿ ಉದ್ದದ ಕಾಯಿ ಇದರದ್ದು. ಮನೆಗೆ ತರುವ ಹಾಗಿಲ್ಲ, ಫೋಟೋ ತೆಗೆದು ಅಲ್ಲೇ ಬಿಡಿ.

ಕೆರೆಯ ಎಮರಾಲ್ಡ್ ಬೇ ಎನ್ನುವ ಕೊಲ್ಲಿ ನೋಡಲೇಬೇಕು, ಆದರೆ ರಸ್ತೆ ಬದಿಯಿಂದ. ಕೆಳಗಿರುವ ವೈಕಿಂಗ್ಸ್‌ಹೋಮ್ ಬಂಗಲೆಗೆ ಒಂದು ಮೈಲಿ ಕಡಿದಾದ ಇಳಿಜಾರು. ಇಳಿಯುವಾಗ ಖುಷಿ, ಹತ್ತುವಾಗ ಮಂಡಿ ಕೇಳುವುದಿಲ್ಲ. ಬೆಳಿಗ್ಗೆ ಬೇಗ ಹೋಗದಿದ್ದರೆ ಪಾರ್ಕಿಂಗ್ ಸಿಗುವುದಿಲ್ಲ.

ಫ್ರೀಮಾಂಟ್‌ನಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅತ್ತೆಯನ್ನು ಒಬ್ಬರೇ ಇದ್ದಾಗ ಕೇಳಿದೆ. "ರೂಮಿದ್ದರೆ ಒಳ್ಳೇದಿತ್ತು ಕಣಮ್ಮ" ಅಂದರು. ಟಹೋಮಾದಲ್ಲಿ ಒಂದು ರೂಮು ಹಿಡಿದಿದ್ದೇವೆ. ಮಾವ ಬೇಕಿದ್ದರೆ ಒಂದು ರಾತ್ರಿ ಮೊಮ್ಮಕ್ಕಳ ಜೊತೆ ಟೆಂಟಿನಲ್ಲಿರಲಿ. ಕೊನೆಯದಾಗಿ ಒಂದು: ಅವರಿಗೆ ಬೆಳಿಗ್ಗೆ ಫಿಲ್ಟರ್ ಕಾಫಿ ಇಲ್ಲದೆ ನಡೆಯುವುದಿಲ್ಲ. ಅಲ್ಲಿ ಫಿಲ್ಟರ್ ಹಾಕುವುದಾ?

ಸನಿವೇಲ್‌ನಿಂದ

ಬೇಡ. ಗಟ್ಟಿ ಡಿಕಾಕ್ಷನ್ ಮನೆಯಲ್ಲೇ ಇಳಿಸಿ, ಬಾಟಲಿಗೆ ತುಂಬಿ ಐಸ್ ಡಬ್ಬಿಯಲ್ಲಿಡಿ, ಎರಡು ದಿನಕ್ಕೆ ತೊಂದರೆಯಿಲ್ಲ. ಅಲ್ಲಿ ಹಾಲು ಕಾಯಿಸಿದರೆ ಮುಗಿಯಿತು. ರಾತ್ರಿ ಐಸ್ ಡಬ್ಬಿ ಸಮೇತ ಬೇರ್ ಬಾಕ್ಸ್‌ಗೆ ಹೋಗಬೇಕು, ಹಾಗಾಗಿ ಡಬ್ಬಿ ಕೊಳ್ಳುವ ಮೊದಲು ಅದು ಪೆಟ್ಟಿಗೆಯೊಳಗೆ ಹಿಡಿಸುತ್ತದಾ ಅಂತ ಅಳತೆ ನೋಡಿಕೊಳ್ಳಿ.