ಕುಂಕುಮದ ಭರಣಿ ಕಡೆಯುವಾಗ ಮುಚ್ಚಳ ಯಾಕೆ ಕೂರುತ್ತಿಲ್ಲ? ಚನ್ನಪಟ್ಟಣದ ಕಸುಬುದಾರರಿಗೆ ಪ್ರಶ್ನೆ

ಪ್ರಶ್ನೆ (ಮೈಸೂರಿನಿಂದ):
ನಮಸ್ಕಾರ ಸರ್. ಎರಡು ತಿಂಗಳ ಹಿಂದೆ ಮರವನ್ನು ತಿರುಗಿಸಿ ಕಡೆಯುವ ಒಂದು ಸಣ್ಣ ಲೇತ್ ತೆಗೆದುಕೊಂಡೆ. ತುಂಡನ್ನು ಕಚ್ಚಿ ಹಿಡಿಯುವ ನಾಲ್ಕು ದವಡೆಯ ಚಕ್ ಇದೆ. ಅಮ್ಮನಿಗೆ ಒಂದು ಕುಂಕುಮದ ಭರಣಿ ಮಾಡಿಕೊಡಬೇಕು ಅಂತ ಆಸೆ. 6 ಸೆಂ.ಮೀ. ಅಗಲ, 8 ಸೆಂ.ಮೀ. ಎತ್ತರ, ಅಷ್ಟೇ. ಇದುವರೆಗೆ ಮೂರು ಮಾಡಿದೆ. ಮೊದಲನೆಯದರ ಮುಚ್ಚಳ ಲೊಡಲೊಡ. ಎರಡನೆಯದು ಸರಿಯಾಗಿ ಕೂತಿತ್ತು, ಹತ್ತು ದಿನ ಬಿಟ್ಟು ನೋಡಿದರೆ ತೆಗೆಯಲು ಬರುತ್ತಿಲ್ಲ. ಮೂರನೆಯದರ ತಳವೇ ತೂತಾಯಿತು. ಮರ ಹಾಲೆ ಮರ, ಹೊಸದಾಗಿ ಕಡಿದ ತುಂಡು. ನಾನು ಮೊದಲು ಬುಡ ಕೊರೆದು, ಆಮೇಲೆ ಮುಚ್ಚಳ ಮಾಡುತ್ತೇನೆ. ಎಲ್ಲಿ ತಪ್ಪಾಗುತ್ತಿದೆ?

ಉತ್ತರ:
ಅಮ್ಮನಿಗೆ ಅಂತ ಮಾಡುತ್ತಿದ್ದೀರಿ, ತುಂಬಾ ಸಂತೋಷ. ನಿಮ್ಮ ಪ್ರಶ್ನೆಯಲ್ಲೇ ಎರಡು ಉತ್ತರ ಇವೆ. ಒಂದು, ಮರ ಹಸಿ. ಎರಡು, ಕೆಲಸದ ಸರದಿ ತಲೆಕೆಳಗಾಗಿದೆ.

ಮೊದಲು ಮರದ ವಿಷಯ. ಹಾಲೆ ಮರವನ್ನು ನಾವು ಇಲ್ಲಿ ಆಲೆ ಮರ ಅಂತಲೂ ಕರೆಯುತ್ತೇವೆ. ಬೆಳ್ಳಗೆ, ನುಣುಪಾಗಿ, ಉಳಿಗೆ ಮೆತ್ತಗೆ ಸಿಗುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮರ ಬೇಡ. ಆದರೆ ಹಸಿ ಇದ್ದಾಗ ಒಳಗೆ ನೀರು ತುಂಬಾ ಇರುತ್ತದೆ. ಮರ ಒಣಗುವಾಗ ಎಲ್ಲಾ ಕಡೆ ಒಂದೇ ಸಮ ಕುಗ್ಗುವುದಿಲ್ಲ. ಬೆಳವಣಿಗೆಯ ಉಂಗುರದ ಗುಂಟ ಕುಗ್ಗುವುದು ಜಾಸ್ತಿ, ನಡುವಿನಿಂದ ತೊಗಟೆಯ ಕಡೆಗೆ ಕುಗ್ಗುವುದು ಹೆಚ್ಚುಕಡಿಮೆ ಅದರ ಅರ್ಧ. ಹಾಗಾಗಿ ದುಂಡಗೆ ಕಡೆದದ್ದು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಮುಚ್ಚಳ ಒಂದು ಕಡೆ ಒತ್ತಿ ಹಿಡಿಯುತ್ತದೆ. ನಿಮ್ಮ ಎರಡನೇ ಭರಣಿಗೆ ಆಗಿದ್ದು ಇದೇ. ನಿಮ್ಮ ಕೈಯ ತಪ್ಪಲ್ಲ ಅದು.

ನಾನು ಕಲಿಯುವ ಕಾಲದಲ್ಲಿ ಒಂದು ಅಂಗಡಿಗೆ ಎರಡು ಡಜನ್ ಭರಣಿ ಕೊಟ್ಟಿದ್ದೆ. ಬೇಸಿಗೆಯಲ್ಲಿ ಚೆಂದ ಕೂತಿದ್ದ ಮುಚ್ಚಳಗಳು ಮಳೆ ಹಿಡಿದ ಮೇಲೆ ಅರ್ಧಕ್ಕರ್ಧ ಬಿಗಿದುಕೊಂಡು ವಾಪಸ್ ಬಂದವು. ಅವತ್ತಿನಿಂದ ಮರ ಒಣಗುವ ಮೊದಲು ಕಂಠಕ್ಕೆ, ಅಂದರೆ ಮುಚ್ಚಳ ಕೂರುವ ಬುಡದ ಕತ್ತಿಗೆ, ಉಳಿ ಮುಟ್ಟಿಸುವುದಿಲ್ಲ.

ಹೀಗೆ ಮಾಡಿ. ತುಂಡನ್ನು ಉದ್ದಕ್ಕೆ ಹಿಡಿದು ದುಂಡಗೆ ಮಾಡಿ. ಎರಡು ತುದಿಯಲ್ಲೂ ಚಕ್ ಹಿಡಿಯಲು ಅರ್ಧ ಸೆಂ.ಮೀ. ಮೆಟ್ಟಿಲು ಬಿಡಿ. ಮೂರನೇ ಒಂದು ಭಾಗ ಮುಚ್ಚಳಕ್ಕೆ, ಉಳಿದದ್ದು ಬುಡಕ್ಕೆ ಅಂತ ಗೆರೆ ಹಾಕಿ, ತೆಳ್ಳನೆಯ ಪಾರ್ಟಿಂಗ್ ಉಳಿಯಲ್ಲಿ ಬೇರ್ಪಡಿಸಿ. ಉಳಿ ತೆಳ್ಳಗಿದ್ದಷ್ಟೂ ಮರದ ಎಳೆ ಮುಚ್ಚಳದಿಂದ ಬುಡಕ್ಕೆ ಮುರಿಯದೆ ಕಾಣುತ್ತದೆ. ಈಗ ಎರಡನ್ನೂ ಒರಟಾಗಿ ಕೊರೆಯಿರಿ, ಗೋಡೆ 1 ಸೆಂ.ಮೀ.ಗಿಂತ ಸ್ವಲ್ಪ ದಪ್ಪವೇ ಇರಲಿ. ಕಾಗದದಲ್ಲಿ ಸುತ್ತಿ ನೆರಳಿನಲ್ಲಿಡಿ. ಬಿಸಿಲಿಗೆ ಬೇಡ, ಸೀಳುತ್ತದೆ. ವಾರಕ್ಕೊಮ್ಮೆ ಅಡುಗೆಮನೆ ತಕ್ಕಡಿಯಲ್ಲಿ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತಾಗ ಮರ ಒಣಗಿತು ಅಂತ ಲೆಕ್ಕ.

ಇನ್ನು ಸರದಿ. ಮುಚ್ಚಳ ಮೊದಲು, ಬುಡ ಆಮೇಲೆ. ಯಾಕೆ ಗೊತ್ತಾ? ಒಳಗಿನ ತೂತಿನ ಅಳತೆಗೆ ಹೊರಗಿನ ಕಂಠವನ್ನು ಕೂದಲೆಳೆಯಷ್ಟು ಸವರಿ ಹೊಂದಿಸುವುದು ಸುಲಭ. ಕಂಠದ ಅಳತೆಗೆ ತೂತು ಹೊಂದಿಸುವುದು ಕಷ್ಟ, ಕಣ್ಣಿಗೂ ಕಾಣುವುದಿಲ್ಲ. ಮುಚ್ಚಳದ ಒಳಗೋಡೆ ನೆಟ್ಟಗಿರಬೇಕು. ಒಳಗೆ ಹೋದಂತೆ ಕಿರಿದಾದರೆ ಮುಚ್ಚಳ ತುದಿಯಲ್ಲಿ ಮಾತ್ರ ಹಿಡಿದು ಲೊಡಲೊಡ ಅನ್ನುತ್ತದೆ. ನಿಮ್ಮ ಮೊದಲನೆಯದರಲ್ಲಿ ಹಾಗೇ ಇರಬೇಕು, ಬೆರಳು ಹಾಕಿ ನೋಡಿ.

ಆಮೇಲೆ ಬುಡವನ್ನು ಚಕ್‌ಗೆ ಹಿಡಿದು ಕಂಠ ಕಡೆಯಿರಿ. ಉದ್ದ 6-7 ಮಿ.ಮೀ. ಸಾಕು. ಮೊದಲು ತುದಿಯನ್ನು ಸ್ವಲ್ಪ ಓರೆ ಮಾಡಿ. ಲೇತ್ ನಿಲ್ಲಿಸಿ, ಮುಚ್ಚಳವನ್ನು ಕೈಯಲ್ಲಿ ಒತ್ತಿ ತಿರುಗಿಸಿ. ಉಜ್ಜಿದ ಕಡೆ ಹೊಳಪಿನ ಒಂದು ಗೆರೆ ಬೀಳುತ್ತದೆ. ಆ ಗೆರೆಯೇ ನಿಮ್ಮ ಅಳತೆ. ಉಳಿದ ಕಂಠವನ್ನು ಆ ಗೆರೆಯ ಮಟ್ಟಕ್ಕೆ ತನ್ನಿ. ಕ್ಯಾಲಿಪರ್‌ಗಿಂತ ಈ ಗೆರೆಯನ್ನೇ ನಾನು ನಂಬುತ್ತೇನೆ. ಬಿಗಿಯಾಗಿಯೇ ಕೂರಲಿ, ಈಗಲೇ ಸಡಿಲ ಮಾಡಬೇಡಿ. ಆ ಬಿಗಿಯಲ್ಲೇ ಮುಚ್ಚಳವನ್ನು ಬುಡದ ಮೇಲೆ ಕೂರಿಸಿ, ಟೇಲ್‌ಸ್ಟಾಕ್ (ಲೇತ್‌ನ ಇನ್ನೊಂದು ತುದಿಯ ಆಸರೆ) ತಾಗಿಸಿ, ಹೊರಮೈಯನ್ನೂ ಮುಚ್ಚಳದ ತಲೆಯನ್ನೂ ಒಟ್ಟಿಗೆ ಕಡೆಯಬೇಕು. ಇದೆಲ್ಲ ಆದ ಮೇಲೆ ಬುಡದ ಒಳಗನ್ನು ಪೂರ್ತಿ ಕೊರೆಯಿರಿ. ಕೊನೆಗೆ ನುಣುಪು ಸ್ಯಾಂಡ್ ಪೇಪರ್‌ನಲ್ಲಿ ಕಂಠವನ್ನು ಒಂದೆರಡು ಕ್ಷಣ ಸವರಿ, ಮುಚ್ಚಳ ಹಾಕಿ ನೋಡಿ, ಮತ್ತೆ ಸವರಿ. ತೆಗೆಯುವಾಗ ಸಣ್ಣಗೆ ಟಪ್ ಅಂದರೆ ಸಾಕು, ಅಲ್ಲಿಗೆ ನಿಲ್ಲಿಸಿ.

ತಳ ತೂತಾಗದಿರಲು ಡ್ರಿಲ್ ಬಿಟ್‌ಗೆ ಬೇಕಾದ ಆಳಕ್ಕೆ ಟೇಪ್ ಸುತ್ತಿ, ನಡುವೆ ಮೊದಲೇ ಒಂದು ತೂತು ಹಾಕಿಕೊಳ್ಳಿ. ಆ ತೂತಿನಿಂದ ಹೊರಗೆ, ಬಾಯಿಯ ಕಡೆಗೆ ಉಳಿ ಎಳೆಯಿರಿ. ಮರದ ಎಳೆ ಉದ್ದಕ್ಕಿರುವುದರಿಂದ ಈ ದಿಕ್ಕಿನಲ್ಲಿ ಸುರುಳಿ ನುಣ್ಣಗೆ ಬರುತ್ತದೆ.

ಪ್ರಶ್ನೆ (ಅದೇ ಸದಸ್ಯರು):
ತುಂಬಾ ಧನ್ಯವಾದ ಸರ್. ಒಳಗೆ ಕೊರೆಯುವಾಗ ಉಳಿ ಕಚ್ಚಿಕೊಂಡು ಕೈ ಜುಮ್ಮೆನ್ನುತ್ತದೆ. ಭಯವಾಗುತ್ತದೆ.

ಉತ್ತರ:
ಭಯ ಬೇಡ, ಆದರೆ ಅದನ್ನು ಸುಮ್ನೆ ಬಿಡಬೇಡಿ. ಉಳಿ ಮೊಂಡಾದರೆ ನಾವು ಒತ್ತುತ್ತೇವೆ, ಒತ್ತಿದರೆ ಕಚ್ಚುತ್ತದೆ. ಹರಿತ ಮಾಡಿಕೊಳ್ಳಿ. ಉಳಿಗೆ ಆಸರೆ ಕೊಡುವ ಟೂಲ್ ರೆಸ್ಟ್ ಭರಣಿಯ ಬಾಯಿಗೆ ಆದಷ್ಟು ಹತ್ತಿರ ಇರಲಿ. ಕೆರೆಯುವ ಉಳಿಯಾದರೆ ಹಿಡಿಯನ್ನು ಸ್ವಲ್ಪ ಮೇಲಿಟ್ಟು, ತುದಿ ಕೆಳಮುಖವಾಗಿರಲಿ. ಮುಖಕ್ಕೆ ಶೀಲ್ಡ್ ಹಾಕಿ. ತುಂಬುತೋಳು, ಕೈಗವಸು, ಟವೆಲ್, ದುಪಟ್ಟ ಯಾವುದೂ ಲೇತ್ ಹತ್ತಿರ ಬೇಡ. ಸ್ವಿಚ್ ಹಾಕುವ ಮೊದಲು ಒಂದು ಸುತ್ತು ಕೈಯಲ್ಲಿ ತಿರುಗಿಸಿ, ಎಲ್ಲೂ ತಾಗುತ್ತಿಲ್ಲ ಅಂತ ನೋಡಿ. ಈ ವಿಷಯದಲ್ಲಿ ಮಾತ್ರ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಪ್ರಶ್ನೆ (ಶಿರಸಿಯ ಇನ್ನೊಬ್ಬ ಸದಸ್ಯೆ):
ಅಣ್ಣಾ, ನಡುವೆ ಕೇಳುತ್ತಿದ್ದೇನೆ. ಭರಣಿಯ ಒಳಗೆ ಕೊಬ್ಬರಿ ಎಣ್ಣೆ ಹಚ್ಚಬಹುದಾ? ಅರಗಿನ ಬಣ್ಣ ಮನೆಯಲ್ಲೇ ಹಾಕಲು ಆಗುತ್ತದಾ?

ಉತ್ತರ:
ಎಣ್ಣೆ ಬೇಡಮ್ಮ. ಮುಚ್ಚಿಟ್ಟ ಡಬ್ಬಿಯಲ್ಲಿ ಗಾಳಿ ಆಡುವುದಿಲ್ಲ, ಕಮಟು ವಾಸನೆ ಹಿಡಿಯುತ್ತದೆ. ಕುಂಕುಮವೂ ಗಂಟಾಗುತ್ತದೆ. ಒಳಗೆ ನುಣ್ಣಗೆ ಉಜ್ಜಿ ಹಾಗೇ ಬಿಡಿ.

ಅರಗು ಖಂಡಿತ ಆಗುತ್ತದೆ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಿ ಹಿಡಿದರೆ ಉಜ್ಜಿದ ಬಿಸಿಗೇ ಕರಗಿ ಹತ್ತಿಕೊಳ್ಳುತ್ತದೆ. ಬೆಂಕಿ ಬೇಡ, ಬ್ರಶ್ಶೂ ಬೇಡ. ಆಮೇಲೆ ತಾಳೆಗರಿ, ಅಂದರೆ ಕೇದಗೆ ಜಾತಿಯ ಒಣ ಎಲೆ, ಮಡಿಸಿ ಒತ್ತಿದರೆ ಬಣ್ಣ ಸಮನಾಗಿ ಹರಡಿ ಹೊಳಪು ಬರುತ್ತದೆ. ಆ ಹೊಳಪು ಮೊದಲ ಸಲ ನಿಮ್ಮ ಕೈಯಲ್ಲೇ ಬಂದಾಗ ಎಷ್ಟು ಖುಷಿಯಾಗುತ್ತದೆ ನೋಡಿ! ಒಂದು ಎಚ್ಚರ: ಕಂಠಕ್ಕೂ ಮುಚ್ಚಳದ ಒಳಗೋಡೆಗೂ ಅರಗು ತಾಗಿಸಬೇಡಿ. ಸೆಕೆಗೆ ಮೆತ್ತಗಾಗಿ ಎರಡೂ ಅಂಟಿಕೊಳ್ಳುತ್ತವೆ.

ಮೊದಲು ಪ್ರಶ್ನೆ ಕೇಳಿದ ಮೈಸೂರಿನ ಸದಸ್ಯರಿಂದ, 5 ವಾರದ ನಂತರ:
ಸರ್, ಹೊಸ ತುಂಡನ್ನು ನೀವು ಹೇಳಿದ ಹಾಗೆ ಒರಟಾಗಿ ಕೊರೆದು ಇಟ್ಟಿದ್ದೆ. 190 ಗ್ರಾಂ ಇದ್ದದ್ದು 148ಕ್ಕೆ ಬಂದು ಎರಡು ವಾರದಿಂದ ಹಾಗೇ ನಿಂತಿದೆ. ಬಾಯಿ ನಿಜಕ್ಕೂ ಮೊಟ್ಟೆಯಾಕಾರ ಆಗಿದೆ, ಅಳೆದು ನೋಡಿದೆ. ಭಾನುವಾರ ಮುಗಿಸಬಹುದಾ?

ಉತ್ತರ:
ಮುಗಿಸಿ. ಮೊದಲು ಚಕ್ ಹಿಡಿಯುವ ಮೆಟ್ಟಿಲುಗಳನ್ನು ಮತ್ತೆ ದುಂಡಗೆ ಮಾಡಿಕೊಳ್ಳಿ, ಅವೂ ಸೊಟ್ಟಗಾಗಿರುತ್ತವೆ. ಮುಚ್ಚಳದ ಒಳಗೋಡೆ ಆದ ತಕ್ಷಣ ಒಂದು ಫೋಟೊ ಇಲ್ಲಿ ಹಾಕಿ. ನಾನು ನೋಡಿ ಹೇಳಿದ ಮೇಲೆ ಕಂಠಕ್ಕೆ ಕೈ ಹಾಕಿ.