ಅಪ್‌ಡೇಟ್: ಹಳೇ ತಾಮ್ರ ಗುಜರಿಗೆ ಹೋಯ್ತು

ವೈರಿಂಗ್ ಬದಲಿಸಿದಾಗ ಉಳಿದ ವೈರು, ಕೆಟ್ಟ ಪಂಪಿನ ವೈಂಡಿಂಗ್ (ಮೋಟಾರಿನೊಳಗೆ ಸುತ್ತಿರುವ ತಂತಿ), ತಾಮ್ರದ ಪೈಪು ಇವನ್ನು ಗುಜರಿಗೆ ಹಾಕುವ ಮುಂಚೆ ಹೇಗೆ ಕ್ಲೀನ್ ಮಾಡೋದು ಅಂತ ಕೇಳಿದ್ದೆ ಅಲ್ವಾ? ಎಲ್ಲಾ ಮಾರಿ ಆಯ್ತು.

ಕೆಲಸಕ್ಕೆ ಬಂದಿದ್ದು ಬ್ಲೇಡಿನ ಐಡಿಯಾ. ಹಲಗೆಗೆ ಕಟರ್ ಬ್ಲೇಡನ್ನು ಓರೆಯಾಗಿ ಸ್ಕ್ರೂ ಹಾಕಿ ಕೂರಿಸಿ, ಅದರಡಿ ವೈರು ಎಳೆದರೆ ಸಿಪ್ಪೆ ಉದ್ದಕ್ಕೂ ಸೀಳಿಕೊಂಡು ಬರುತ್ತೆ. ದಪ್ಪ ವೈರಿಗೆ ಮಾತ್ರ. ಸಣ್ಣದನ್ನು ಸುಲಿಯುತ್ತಾ ಕೂತರೆ ಕೂಲಿಯೂ ಗಿಟ್ಟಲ್ಲ, ಹಾಗೇ ಕೊಟ್ಟೆ.

ಸಿಪ್ಪೆ ತೆಗೆಯೋಕೆ ವೈರು ಸುಟ್ಟುಬಿಡಿ ಅಂದವರ ಮಾತು ಕೇಳಲಿಲ್ಲ. ಸಿಪ್ಪೆಯ ಪಿವಿಸಿ ಪ್ಲಾಸ್ಟಿಕ್ ಸುಟ್ಟ ಹೊಗೆ ವಿಷ. ಅಂಗಡಿಯವರೂ ಸುಟ್ಟು ಕಪ್ಪಾದ ತಾಮ್ರಕ್ಕೆ ರೇಟ್ ಕಮ್ಮಿ ಅಂದರು.

ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದ ಪೈಪು ಫಳಫಳ ಅಂತಿತ್ತು. ಆದರೆ ಒಂದು ರೂಪಾಯಿ ಜಾಸ್ತಿ ಸಿಗಲಿಲ್ಲ! ಅವರು ನೋಡಿದ್ದು ಬೆಸುಗೆ ಮತ್ತು ಹಿತ್ತಾಳೆ ಜಾಯಿಂಟ್. ಅವನ್ನು ಗರಗಸದಲ್ಲಿ ಕೊಯ್ದು ಬೇರೆ ಮಾಡಿದ ಮೇಲೆ ಪೂರ್ತಿ ರೇಟ್ ಹಾಕಿದರು.

ಆಶ್ಚರ್ಯ ಆಗಿದ್ದು ವೈಂಡಿಂಗ್ ನೋಡಿ. ಬಣ್ಣ ತಾಮ್ರದ್ದೇ, ಮ್ಯಾಗ್ನೆಟ್ಟೂ ಅಂಟಲಿಲ್ಲ. ಅಂಗಡಿಯ ಹುಡುಗ ಚಾಕುವಿನಲ್ಲಿ ಕೆರೆದ, ಒಳಗೆ ಬೆಳ್ಳಗೆ ಅಲ್ಯೂಮಿನಿಯಂ. ಮೇಲಿನ ಬಣ್ಣ ಬರೀ ಎನಾಮಲ್ ಲೇಪದ್ದು. ಮ್ಯಾಗ್ನೆಟ್ ಕಬ್ಬಿಣವನ್ನು ಹಿಡಿದುಕೊಡುತ್ತೆ, ಅಲ್ಯೂಮಿನಿಯಂ ಅನ್ನು ಅಲ್ಲ. ಮಾರುವ ಮುಂಚೆ ಒಂದು ತುದಿ ಕೆರೆದು ನೋಡಿ.