ಹಂದಿ ತಿನ್ನದ ಕಡೆ ಕಾಡುಹಂದಿ: ವನ್ಯಜೀವಿ ಡಾಕ್ಟರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ಇಸ್ರೇಲಿನ ಹೈಫಾ ನಗರದಲ್ಲಿ ಹಾಡಹಗಲೇ ಕಾಡುಹಂದಿಗಳು ಮರಿಗಳ ಸಮೇತ ರಸ್ತೆ ದಾಟುವ ವಿಡಿಯೋ ನೋಡಿದೆ. ಕೆಳಗೆ ಎಲ್ಲರದ್ದೂ ಒಂದೇ ಮಾತು. "ಅಲ್ಲಿ ಹಂದಿ ತಿನ್ನೋದಿಲ್ಲ, ಅದಕ್ಕೇ ಇಷ್ಟು ಜಾಸ್ತಿ ಆಗಿವೆ" ಅಂತ. ನಿಜವಾ?

ಉತ್ತರ: ನಮಸ್ಕಾರ. ಅದೇ ಕಾರಣ ಆಗಿದ್ದರೆ ಬರ್ಲಿನ್ ಮತ್ತು ರೋಮ್ ಬೀದಿಗಳಲ್ಲಿ ಕಾಡುಹಂದಿ ಕಾಣಬಾರದಿತ್ತು, ಅಲ್ವಾ? ಅಲ್ಲೂ ಇವೆ. ಜರ್ಮನಿಯಲ್ಲಿ ವರ್ಷಕ್ಕೆ ಲಕ್ಷಗಟ್ಟಲೆ ಕಾಡುಹಂದಿ ಹೊಡೆಯುತ್ತಾರೆ, ತಿನ್ನುತ್ತಾರೆ. ಆದರೂ ಅವು ಕಡಿಮೆಯಾಗಿಲ್ಲ.

ಮುಖ್ಯ ಕಾರಣ ಹಂದಿಯ ಹೆರಿಗೆ ಮತ್ತು ಹೊಟ್ಟೆ. ಗರ್ಭ ಸುಮಾರು 115 ದಿನ, ಒಂದು ಸೂಲಿಗೆ ನಾಲ್ಕರಿಂದ ಆರು ಮರಿ. ಮೇವು ಚೆನ್ನಾಗಿ ಸಿಕ್ಕಿದರೆ ಹೆಣ್ಣು ವರ್ಷ ತುಂಬುವ ಮೊದಲೇ ಗಬ್ಬ ಆಗುತ್ತದೆ. ಹೈಫಾ ಇರುವುದು ಕಾರ್ಮೆಲ್ ಬೆಟ್ಟದ ಮೇಲೆ. ಕಾಡು ತುಂಬಿದ ಕಣಿವೆಗಳು ಬಡಾವಣೆಗಳ ಮಧ್ಯದಲ್ಲೇ ಇಳಿಯುತ್ತವೆ. ಮೇಲೆ ಹತ್ತಿದರೆ ಕಸದ ಡಬ್ಬ, ನೀರು ಹಾಯಿಸಿದ ಹುಲ್ಲುಹಾಸು, ಮೆತ್ತಗಿನ ಮಣ್ಣು. ಇನ್ನೇನು ಬೇಕು? ನಗರಸಭೆ ಮೊದಲು ಹೊಡೆಸುತ್ತಿತ್ತು, 2019ರಲ್ಲಿ ಅದನ್ನು ನಿಲ್ಲಿಸಿತು. ಮರುವರ್ಷ ಲಾಕ್‌ಡೌನ್ ಬಂತು, ಬೀದಿ ಖಾಲಿಯಾಯಿತು, ಹಂದಿಗಳಿಗೆ ಇನ್ನೂ ಧೈರ್ಯ ಬಂತು.

ಅಲ್ಲಿನ ಕಾನೂನನ್ನೂ ನೋಡಿ. 1962ರ ಕಾಯ್ದೆ ಪ್ರಕಾರ ಕೆಲವು ಕ್ರೈಸ್ತ ಊರುಗಳು, ಸಂಶೋಧನಾ ಕೇಂದ್ರ, ಮೃಗಾಲಯ ಬಿಟ್ಟು ಬೇರೆ ಕಡೆ ಹಂದಿ ಸಾಕುವಂತಿಲ್ಲ. ಆದರೆ ಕಾಡುಹಂದಿಗೆ 1955ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಸಾಕುವುದು ತಪ್ಪು, ಅನುಮತಿ ಇಲ್ಲದೆ ಕೊಲ್ಲುವುದೂ ತಪ್ಪು. ತಿನ್ನಬಾರದು ಅಂದಮಾತ್ರಕ್ಕೆ ಇರಬಾರದು ಅಂತ ಅಲ್ಲ. ಜನ ಈ ಎರಡನ್ನೂ ಸುಮ್ನೆ ಒಂದೇ ಮಾಡಿಬಿಡುತ್ತಾರೆ.

ಪ್ರಶ್ನೆ: ಡಾಕ್ಟ್ರೇ, ಹಂದಿಯಲ್ಲಿ ಹುಳ ಇರುತ್ತದೆ ಅಂತ ಗೊತ್ತಿದ್ದೇ ಹಿಂದಿನವರು ಬೇಡ ಅಂದಿದ್ದು ಅಂತ ನಮ್ಮ ಮೇಷ್ಟ್ರು ಹೇಳುತ್ತಿದ್ದರು.

ಉತ್ತರ: ಬಹಳ ಜನ ಹಾಗೆ ನಂಬಿದ್ದಾರೆ. ಆದರೆ ಧರ್ಮಗ್ರಂಥದಲ್ಲಿ ಆ ಕಾರಣ ಇಲ್ಲ. ಬೈಬಲಿನ ಯಾಜಕಕಾಂಡದ 11ನೇ ಅಧ್ಯಾಯ ಹೇಳುವುದು ಎರಡು ಲಕ್ಷಣ: ಗೊರಸು ಸೀಳಿರಬೇಕು, ಮೆಲುಕು ಹಾಕಬೇಕು. ಹಂದಿಗೆ ಸೀಳುಗೊರಸು ಇದೆ, ಮೆಲುಕು ಇಲ್ಲ. ಅದೇ ಪಟ್ಟಿಯಲ್ಲಿ ಒಂಟೆ ಮತ್ತು ಮೊಲವೂ ಬೇಡ ಎಂದಿದೆ. ಖುರಾನ್ ಹಂದಿಮಾಂಸವನ್ನು ನೇರವಾಗಿ ನಿಷೇಧಿಸುತ್ತದೆ. ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರೂ ಹಂದಿ ತಿನ್ನುವುದಿಲ್ಲ. 12ನೇ ಶತಮಾನದ ಯಹೂದಿ ಪಂಡಿತ ಮೈಮೊನಿಡೀಸ್ ಸ್ವತಃ ವೈದ್ಯರು, ಅವರು ಹಂದಿಯ ಕೊಳಕನ್ನು ಕಾರಣವಾಗಿ ಹೇಳಿದರು. ನೀವು ಹೇಳುವ ಹುಳ ಟ್ರಿಕಿನೆಲ್ಲಾ. ಅದು ಕಣ್ಣಿಗೆ ಬಿದ್ದಿದ್ದೇ 1835ರಲ್ಲಿ, ಲಂಡನ್ನಿನಲ್ಲಿ ಹೆಣ ಕೊಯ್ಯುತ್ತಿದ್ದ ವೈದ್ಯಕೀಯ ವಿದ್ಯಾರ್ಥಿ ಜೇಮ್ಸ್ ಪೇಜೆಟ್‌ಗೆ. ನಂಬುವವರಿಗೆ ದೇವರ ಆಜ್ಞೆ ಸಾಕು. ಅದಕ್ಕೆ ನಮ್ಮ ಲ್ಯಾಬಿನ ಸಾಕ್ಷಿ ಬೇಕಾಗಿಲ್ಲ.

ಪ್ರಶ್ನೆ: ಕಾಡುಹಂದಿ ಬೇರೆ ಪ್ರಾಣಿ, ಬೇಟೆಯದು, ಹಾಗಾಗಿ ನಡೆಯುತ್ತದೆ ಅಂತ ಒಬ್ಬರು ವಾದ ಮಾಡಿದರು ಮೇಡಂ.

ಉತ್ತರ: ನಡೆಯುವುದಿಲ್ಲ. ಸಾಕುಹಂದಿ ಬಂದಿರುವುದೇ ಕಾಡುಹಂದಿಯಿಂದ, ಸುಮಾರು 10,000 ವರ್ಷದ ಹಿಂದೆ. ಈಗಲೂ ಎರಡೂ ಕೂಡುತ್ತವೆ, ಮರಿ ಹಾಕುತ್ತವೆ. ಇಸ್ಲಾಮಿನಲ್ಲಿ ದೇವರ ಹೆಸರು ಹೇಳಿ ಬೇಟೆಯಾಡಿದ ಜಿಂಕೆ ಹಲಾಲ್ ಆಗಬಹುದು, ಹಂದಿ ಮಾತ್ರ ಹೇಗೆ ಹೊಡೆದರೂ ಹರಾಮ್. ಯಹೂದಿಗಳಿಗೆ ಗುಂಡು ಹೊಡೆದ ಜಿಂಕೆಯೂ ಕೋಷರ್ (ಧರ್ಮ ಒಪ್ಪುವ ಆಹಾರ) ಅಲ್ಲ, ಯಾಕಂದರೆ ಕ್ರಮವಾಗಿ ಚೂರಿಯಲ್ಲೇ ಕೊಯ್ದಿರಬೇಕು.

ಇದನ್ನು ಹೇಳದೆ ಇರಲಾರೆ: ಇಸ್ರೇಲಿನ ಈಗಿನ ಕಾಡುಹಂದಿಗಳ ಡಿಎನ್‌ಎ ಸುತ್ತಲಿನ ದೇಶಗಳ ಹಂದಿಗಳಿಗಿಂತ ಯುರೋಪಿನ ಹಂದಿಗಳಿಗೆ ಹತ್ತಿರ ಎಂದು 2013ರಲ್ಲಿ ಗೊತ್ತಾಯಿತು. ಸುಮಾರು 3,000 ವರ್ಷದ ಹಿಂದೆ ಸಮುದ್ರ ದಾಟಿ ಬಂದ ಫಿಲಿಷ್ಟಿಯರು ಎಂಬ ಪ್ರಾಚೀನ ಜನರ ಜೊತೆ ಬಂದ ಹಂದಿಗಳ ರಕ್ತ ಅದು ಎನ್ನುವುದು ಸಂಶೋಧಕರ ವಿವರಣೆ. ಹೈಫಾದ ರಸ್ತೆಯಲ್ಲಿ ಮರಿಗಳನ್ನು ಕರೆದುಕೊಂಡು ಹೋಗುವ ಆ ತಾಯಿಹಂದಿಯ ಹಿಂದೆ ಇಷ್ಟು ಹಳೆಯ ಕಥೆ ಇದೆ ಅಂದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಪ್ರಶ್ನೆ: ಬೆಳೆ ಹಾಳು ಮಾಡಿದರೆ ಮುಸ್ಲಿಂ ರೈತರು ಏನು ಮಾಡುತ್ತಾರೆ? ಮುಟ್ಟುವಂತೆಯೂ ಇಲ್ಲ ಅಂತಾರಲ್ಲ?

ಉತ್ತರ: ಹೊಡೆಯುತ್ತಾರೆ. ಇಂಡೋನೇಷ್ಯಾದ ಪಶ್ಚಿಮ ಸುಮಾತ್ರಾದಲ್ಲಿ ಮಿನಾಂಗ್‌ಕಬೌ ಜನರ 'ಬುರು ಬಾಬಿ' ಅಂದರೆ ಇಡೀ ಊರು ಸೇರುವ ಹಂದಿಬೇಟೆ. ಅವರೆಲ್ಲ ಮುಸ್ಲಿಮರು. ನಾಯಿಗಳನ್ನು ಅಕ್ಕರೆಯಿಂದ ಸಾಕುತ್ತಾರೆ, ಹಂದಿ ಅಟ್ಟಿಸುತ್ತಾರೆ, ಮಾಂಸ ಮುಟ್ಟುವುದಿಲ್ಲ. ಇಸ್ಲಾಮಿನ ಶಾಫಿ ಪಂಥದ ಪ್ರಕಾರ ಒದ್ದೆ ಹಂದಿ ತಾಗಿದರೆ ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಕಲಸಿದ ನೀರಿನಲ್ಲಿ. ಅದಕ್ಕೂ ದಾರಿ ಇದೆ, ಬೇಟೆಗೂ ದಾರಿ ಇದೆ.

ನನ್ನ ಚಿಂತೆ ಬೇಟೆ ಮುಗಿದ ಮೇಲಿನದು. ಹೊಡೆದ ಹಂದಿಯನ್ನು ಅಲ್ಲೇ ಬಿಟ್ಟರೆ ನರಿ, ನಾಯಿ, ಇಲಿ, ಇನ್ನೊಂದು ಹಂದಿ ಬಂದು ತಿನ್ನುತ್ತವೆ. ಟ್ರಿಕಿನೆಲ್ಲಾ ಸುತ್ತುವುದು ಹೀಗೆಯೇ. ಆಫ್ರಿಕನ್ ಹಂದಿಜ್ವರ ಮನುಷ್ಯರಿಗೆ ಬರುವುದಿಲ್ಲ, ಆದರೆ ಆ ವೈರಸ್ ಸತ್ತ ಹಂದಿಯಲ್ಲಿ ವಾರಗಟ್ಟಲೆ ಉಳಿಯುತ್ತದೆ. 2021ರಲ್ಲಿ ಅದು ಮಲೇಷ್ಯಾದ ಸಬಾ ರಾಜ್ಯಕ್ಕೆ ಬಂತು. ಅಲ್ಲಿನ ಗಡ್ಡದ ಕಾಡುಹಂದಿಗಳು ರಾಶಿರಾಶಿ ಸತ್ತವು. ಅದನ್ನೇ ಬೇಟೆಯಾಡಿ ಉಣ್ಣುತ್ತಿದ್ದ ಮುಸ್ಲಿಮೇತರ ಬುಡಕಟ್ಟು ಮನೆಗಳ ಊಟವೂ ಹೋಯಿತು. ಹೊಡೆದರೆ ಆಳವಾಗಿ ಹೂಳಿ, ಇಲ್ಲವೇ ಸುಡಿ. ಇದಕ್ಕೆ ಯಾವ ಧರ್ಮದ ಅಡ್ಡಿಯೂ ಇಲ್ಲ.

ಪ್ರಶ್ನೆ: ಕಾಡಲ್ಲಿ ದಾರಿ ತಪ್ಪಿ ಹಸಿವಿನಿಂದ ಸಾಯುವ ಹಾಗಾದರೆ?

ಉತ್ತರ: ಖುರಾನಿನ ಎರಡನೇ ಅಧ್ಯಾಯದ 173ನೇ ವಚನದಲ್ಲೇ ಬೇರೆ ದಾರಿ ಇಲ್ಲದವರಿಗೆ ವಿನಾಯಿತಿ ಇದೆ. ಯಹೂದಿ ಧರ್ಮದಲ್ಲೂ ಜೀವ ಉಳಿಸುವುದೇ ಮೊದಲು. ಇನ್ನೂ ವಿವರ ಬೇಕಾದರೆ ಧಾರ್ಮಿಕ ಪಂಡಿತರನ್ನು ಕೇಳಿ, ಇದು ನನ್ನ ಕ್ಷೇತ್ರ ಅಲ್ಲ.

ಪ್ರಶ್ನೆ: ನಾನು ತಿನ್ನುವವನು ಮೇಡಂ, ನನಗೆ ನಿಷೇಧ ಇಲ್ಲ. ಇಂಥ ದೇಶದಲ್ಲಿ ಕೆಲಸದಲ್ಲಿದ್ದೇನೆ. ಗೆಳೆಯರು ಗುಟ್ಟಾಗಿ ಕಾಡುಹಂದಿ ಮಾಂಸ ತರುತ್ತಾರೆ. ತಿನ್ನಬಹುದಾ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ "ಗುಟ್ಟಾಗಿ" ಅನ್ನುವ ಪದವೇ ನನಗೆ ಭಯ.

ಹಂದಿ ತಿನ್ನುವ ಯುರೋಪಿನಲ್ಲಿ ಮಾರಾಟಕ್ಕೆ ಬರುವ ಕಾಡುಹಂದಿಯನ್ನು ಮೊದಲು ಪರೀಕ್ಷೆ ಮಾಡಬೇಕು. ನಾನೇ ಮಾಡಿದ್ದೇನೆ. ಎದೆ ಮತ್ತು ಹೊಟ್ಟೆಯ ನಡುವಿನ ಮಾಂಸದ ಪರದೆಯಿಂದ ಐದು ಗ್ರಾಂ ಕತ್ತರಿಸಿ, ಅರೆದು, ಬೆಚ್ಚಗಿನ ನೀರಿಗೆ ಆಸಿಡ್ ಮತ್ತು ಮಾಂಸ ಜೀರ್ಣಿಸುವ ಪೆಪ್ಸಿನ್ ಹಾಕಿ ಅರ್ಧ ಗಂಟೆ ತಿರುಗಿಸಬೇಕು. ಮಾಂಸ ಪೂರ್ತಿ ಕರಗುತ್ತದೆ. ತಳದಲ್ಲಿ ನಿಂತದ್ದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಹುಳ ಇದ್ದರೆ, ಒಂದು ಮಿಲಿಮೀಟರ್ ಉದ್ದದ ದಾರ ಚಕ್ಕುಲಿ ಹಾಗೆ ಸುತ್ತಿಕೊಂಡಿರುತ್ತದೆ. ಬೆಚ್ಚಗಿದ್ದರೆ ನಿಧಾನಕ್ಕೆ ಬಿಚ್ಚಿಕೊಳ್ಳುತ್ತದೆ. ಮಾಂಸವನ್ನು ಬರಿಗಣ್ಣಲ್ಲಿ ನೋಡಿದ್ದರೆ ಕೆಂಪಗೆ, ತಾಜಾ ಅಂತಲೇ ಅನ್ನಿಸುತ್ತಿತ್ತು.

ಯಾರೂ ತಿನ್ನುವುದಿಲ್ಲ ಅಂದುಕೊಂಡ ಕಡೆ ಈ ಪರೀಕ್ಷೆಯನ್ನು ಯಾರು ಮಾಡುತ್ತಾರೆ? 2004ರಲ್ಲಿ ಟರ್ಕಿಯ ಇಜ್ಮಿರ್‌ನಲ್ಲಿ ದನದ ಮಾಂಸ ಅಂತ ನಂಬಿ ಹಸಿ ಮಾಂಸದ ಉಂಡೆ ತಿಂದ ನೂರಾರು ಜನರಿಗೆ ಟ್ರಿಕಿನೆಲ್ಲಾ ರೋಗ ಬಂತು. ಅದರಲ್ಲಿ ಪರೀಕ್ಷೆಯಾಗದ ಹಂದಿಮಾಂಸ ಬೆರೆಸಿದ್ದರು. ಹಂದಿ ಬೇಡ ಅಂದವರ ಧರ್ಮಕ್ಕೂ ಮೋಸ, ದೇಹಕ್ಕೂ ಮೋಸ. ಇದನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಇಸ್ರೇಲಿನಲ್ಲೂ ಕಾಡುಹಂದಿ ತಿಂದು ಈ ರೋಗ ಬಂದವರಲ್ಲಿ ಥಾಯ್ಲೆಂಡಿನಿಂದ ಹೊಲದ ಕೆಲಸಕ್ಕೆ ಬಂದವರಿದ್ದರು. ನಿಮ್ಮ ಹಾಗೆಯೇ ನಿಷೇಧ ಇಲ್ಲದವರು. ನಿಷೇಧ ಇರುವ ದೇಶದಲ್ಲೇ ಪರೀಕ್ಷೆ ಜಾಸ್ತಿ ಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಅಲ್ಲಿನ ಕಾನೂನು ತಿಳಿದುಕೊಳ್ಳಿ. ತಿನ್ನುವುದೇ ಆದರೆ ತುಂಡಿನ ನಟ್ಟನಡುವೆ 71 ಡಿಗ್ರಿ ಸೆಲ್ಸಿಯಸ್ ಬರುವವರೆಗೆ ಬೇಯಬೇಕು. ಒಣಗಿಸುವುದು, ಹೊಗೆ ಹಾಕುವುದು, ಫ್ರೀಜರ್ ಯಾವುದನ್ನೂ ನಂಬಬೇಡಿ. ಕಾಡುಪ್ರಾಣಿಗಳ ಕೆಲವು ಟ್ರಿಕಿನೆಲ್ಲಾ ಜಾತಿಗಳು ಹೆಪ್ಪುಗಟ್ಟಿದರೂ ಸಾಯುವುದಿಲ್ಲ. ಅರೆಬೆಂದ ಲಿವರ್ ಬೇಡವೇ ಬೇಡ, ಹೆಪಟೈಟಿಸ್ ಇ ಎಂಬ ಲಿವರ್ ಕಾಯಿಲೆ ಬರುವುದು ಅಲ್ಲಿಂದ. ಕತ್ತರಿಸುವಾಗ ಗ್ಲೌಸ್ ಹಾಕಿ. ಪಕ್ಕದ ಕೋಣೆಯವರು ಹಂದಿ ತಿನ್ನದವರಾದರೆ ಪಾತ್ರೆ ಮತ್ತು ಚಾಕು ಬೇರೆ ಇಡಿ, ಅವರಿಗೆ ಮೊದಲೇ ಹೇಳಿ.

ಪ್ರಶ್ನೆ: (ಮೇಲಿನವನೇ) ಮೇಡಂ, ನಿನ್ನೆ ಹಸಿ ಚೂರುಗಳನ್ನು ಇಲ್ಲಿನ ನಾಯಿಗೆ ಹಾಕಿಬಿಟ್ಟೆ. ಈಗ ಆರಾಮಾಗಿದೆ. ತೊಂದರೆ ಇಲ್ಲ ಅಲ್ವಾ?

ಉತ್ತರ: ಈಗಲೇ ಏನೂ ಹೇಳಲಾಗದು. ಕಾಡುಹಂದಿಯಲ್ಲಿ ಆಜೆಸ್ಕಿ ಅನ್ನುವ ವೈರಸ್ ಇರಬಹುದು. ಮನುಷ್ಯರಿಗೆ ಸಾಮಾನ್ಯವಾಗಿ ಅದರ ಭಯ ಇಲ್ಲ, ನಾಯಿಗೆ ಬಂದರೆ ಉಳಿಯುವುದಿಲ್ಲ. ಹತ್ತು ದಿನ ಕಣ್ಣಿಟ್ಟಿರಿ. ಮುಖ ಉಜ್ಜಿಕೊಳ್ಳುವುದು, ಚರ್ಮ ಕಿತ್ತುಬರುವಷ್ಟು ಕೆರೆದುಕೊಳ್ಳುವುದು, ಜೊಲ್ಲು ಸುರಿಸುವುದು ಕಂಡರೆ ಕೈ ಹಾಕಬೇಡಿ, ರೇಬಿಸ್ ಕೂಡ ಹೀಗೇ ಕಾಣಬಹುದು. ತಕ್ಷಣ ಅಲ್ಲಿನ ಪಶುವೈದ್ಯರಿಗೆ ಫೋನ್ ಮಾಡಿ, ಏನು ಹಾಕಿದಿರಿ ಅಂತ ಮುಚ್ಚಿಡದೆ ಹೇಳಿ. ಉಳಿದ ಚೂರುಗಳನ್ನು ಇವತ್ತೇ ಹೂಳಿ. ನಾಯಿ ಹೇಗಿದೆ ಅಂತ ನಾಳೆ ಇಲ್ಲೇ ಬರೆಯಿರಿ, ಕಾಯುತ್ತಿರುತ್ತೇನೆ.